‘ಆಮೆನ್’ ಅಂದ ಮೇಲೆ ಏನು?

ಬಸ್ಸಲ್ಲಿ ನಿಂತು ಕೇಳ್ತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, ರಾತ್ರಿ ನಿದ್ದೆ ಬರದೆ ಕೇಳ್ತಿರೋರು, ಎಲ್ಲರಿಗೂ ಸ್ವಾಗತ.

ಹೋದ ತಿಂಗಳು ಒಬ್ಬ ಕೇಳುಗರಿಂದ ಒಂದು ವಾಯ್ಸ್ ನೋಟ್ ಬಂತು. ಹೆಸರು ಹೇಳಲ್ಲ, ಅವರೇ ಬೇಡ ಅಂದಿದ್ದಾರೆ. ಮಾತು ಮಾತ್ರ ಹೇಳ್ತೀನಿ. ‘ಬ್ರದರ್, ಮೂರು ವರ್ಷ ಕೆಲಸಕ್ಕಾಗಿ ಪ್ರಾರ್ಥನೆ ಮಾಡ್ದೆ. ಉಪವಾಸ ಇದ್ದೆ. ಕೆಲಸ ಸಿಕ್ತು. ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಕೂಡ ಹೇಳ್ದೆ. ಈಗ ಮೊಣಕಾಲೂರಿದ್ರೆ ಮಾತೇ ಬರಲ್ಲ. ಕೇಳೋಕೆ ಏನೂ ಉಳಿದಿಲ್ಲ. ನನ್ನ ನಂಬಿಕೆ ಹೋಯ್ತಾ?’

ಈ ಪ್ರಶ್ನೆ ಕೇಳಿ ನನಗೆ ಖುಷಿಯಾಯ್ತು. ಯಾಕಂದ್ರೆ ಸಾಮಾನ್ಯವಾಗಿ ಬರೋದು ಇದರ ಉಲ್ಟಾ ಪ್ರಶ್ನೆ. ‘ಕೇಳಿದ್ದು ಸಿಗಲಿಲ್ಲ, ದೇವರು ಇದ್ದಾನಾ?’ ಅಂತ. ಅದರ ಬಗ್ಗೆ ಸಾವಿರ ಪ್ರಸಂಗ ಇದೆ. ಕೇಳಿದ್ದು ಸಿಕ್ಕಿಬಿಟ್ಟ ಮೇಲೆ ಏನು ಅನ್ನೋದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲ್ಲ. ಕಸ್ಟಮರ್ ಕೇರ್‌ಗೆ ಕೊಟ್ಟ ದೂರು ಬಗೆಹರಿದರೆ ‘ಕ್ಲೋಸ್ಡ್’ ಅಂತ ಒಂದು ಮೆಸೇಜ್ ಬರುತ್ತಲ್ಲ, ಆಮೇಲೆ ನಾವು ಅವರಿಗೆ ಫೋನ್ ಮಾಡ್ತೀವಾ? ಇಲ್ಲ. ಪ್ರಾರ್ಥನೆಯೂ ಹಾಗೇ ಆಗಿಬಿಟ್ಟಿದ್ದರೆ ಮಾತು ಮುಗಿಯೋದು ಸಹಜ. ಅವರ ನಂಬಿಕೆ ಹೋಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಅವರ ಪ್ರಾರ್ಥನೆಗೆ ಇದ್ದದ್ದು ಒಂದೇ ದಿಕ್ಕು, ಅಷ್ಟೇ.

ಇವತ್ತಿನ ಮಾತು ಕ್ರೈಸ್ತ ಪ್ರಾರ್ಥನೆ ಬಗ್ಗೆ. ಆದರೆ ಕ್ರೈಸ್ತರಲ್ಲದವರು ಸ್ಕಿಪ್ ಮಾಡಬೇಡಿ. ‘ಸಂಕಟ ಬಂದಾಗ ವೆಂಕಟರಮಣ’ ಅನ್ನೋ ಗಾದೆ ಹುಟ್ಟಿದ್ದು ಕನ್ನಡದಲ್ಲಿ, ಯಾವುದೋ ಒಂದು ಧರ್ಮದವರಿಗೆ ಮಾತ್ರ ಅಂತ ಅಲ್ಲ. ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಒಂದು ಗುರುವಾರ ಹೋಗಿ ನೋಡಿ. ಸಾಲಿನಲ್ಲಿ ಕುಂಕುಮ ಇಟ್ಟವರೂ ಇರ್ತಾರೆ, ಬುರ್ಖಾ ಹಾಕಿದವರೂ ಇರ್ತಾರೆ, ಕೊರಳಲ್ಲಿ ಜಪಸರ ಇರೋರೂ ಇರ್ತಾರೆ. ಕೈಯಲ್ಲಿ ಮೇಣದಬತ್ತಿ, ಮನಸ್ಸಲ್ಲಿ ಒಂದು ಕೋರಿಕೆ. ಹರಕೆ ಅನ್ನೋದು ಈ ನೆಲದ ಎಲ್ಲರ ಭಾಷೆ.

ಕಾಮರ್ಸ್ ಓದಿದವನಿಗೆ ಹರಕೆ ಅಂದ್ರೆ ಒಂದು ವಿಷಯ ನೆನಪಾಗುತ್ತೆ. ಲೆಕ್ಕಶಾಸ್ತ್ರದಲ್ಲಿ ‘ಕಂಟಿಂಜೆಂಟ್ ಲಯಬಿಲಿಟಿ’ ಅಂತ ಒಂದಿದೆ. ಮುಂದೆ ಒಂದು ಘಟನೆ ನಡೆದರೆ ಮಾತ್ರ ಅದು ಸಾಲ. ನಡೀಲಿಲ್ಲ ಅಂದ್ರೆ ಕೊಡೋದು ಏನೂ ಇಲ್ಲ. ಬ್ಯಾಲೆನ್ಸ್ ಶೀಟ್ ಒಳಗೆ ಕೂಡ ಬರಲ್ಲ, ಕೆಳಗೆ ಅಡಿಟಿಪ್ಪಣಿಯಲ್ಲಿ ಬರೀತಾರೆ. ‘ಪಾಸಾದ್ರೆ ಹತ್ತು ಮೇಣದಬತ್ತಿ ಹಚ್ತೀನಿ’ ಅನ್ನೋದು ಪಕ್ಕಾ ಅದೇ. ದೇವರು ನಮ್ಮ ಅಡಿಟಿಪ್ಪಣಿಯಲ್ಲಿ ಇರ್ತಾನೆ.

ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹರಕೆ ಅನ್ನೋ ಪದ ಬಳಸಲ್ಲ. ನಾವು ಸ್ವಲ್ಪ ಹೆಮ್ಮೆಯಿಂದಲೇ ‘ನಮ್ಮಲ್ಲಿ ಅದೆಲ್ಲ ಇಲ್ಲ’ ಅಂತೀವಿ. ಆದರೆ ಡಿಸೆಂಬರ್ 31ರ ರಾತ್ರಿ ಆರಾಧನೆ ನೆನಪು ಮಾಡಿಕೊಳ್ಳಿ. ಹನ್ನೆರಡು ಗಂಟೆ ಆದ ಮೇಲೆ ಒಂದು ಡಬ್ಬಿ ಅಥವಾ ತಟ್ಟೆ ಬರುತ್ತೆ, ಅದರಲ್ಲಿ ವಾಗ್ದಾನದ ಕಾರ್ಡುಗಳು. ಒಬ್ಬೊಬ್ಬರು ಒಂದೊಂದು ತೆಗೀಬೇಕು, ಅದು ಆ ವರ್ಷಕ್ಕೆ ನಿಮ್ಮ ವಾಕ್ಯ. ನಾನು ಚಿಕ್ಕಂದಿನಿಂದ ತೆಗೀತಾ ಬಂದಿದ್ದೀನಿ. ಆಶೀರ್ವಾದ, ಕಾಪಾಡುವಿಕೆ, ಹೆಚ್ಚಳ, ಶತ್ರುಗಳ ಸೋಲು, ಎಲ್ಲಾ ಬಂದಿದೆ. ‘ಹಸಿದವನಿಗೆ ಊಟ ಕೊಡು’ ಅನ್ನೋ ಅರ್ಥದ ಕಾರ್ಡು ಒಂದು ವರ್ಷವೂ ಬಂದಿಲ್ಲ. ಸತ್ಯವೇದದಲ್ಲಿ ಅಂಥ ವಾಕ್ಯಗಳು ಕಮ್ಮಿ ಇವೆಯಾ? ಬೇಕಾದಷ್ಟಿವೆ. ಡಬ್ಬಿಗೆ ಹಾಕೋರು ಆರಿಸೋವಾಗಲೇ ಬಿಟ್ಟಿರ್ತಾರೆ. ಪಾಪ, ಹೊಸ ವರ್ಷದ ರಾತ್ರಿ ಯಾರಿಗೆ ತಾನೇ ಕೆಲಸ ಹೇಳೋಕೆ ಮನಸ್ಸು ಬರುತ್ತೆ?

ಹಾಗಂತ ಕೇಳೋದು ತಪ್ಪು ಅಂತ ನಾನು ಹೇಳ್ತಿಲ್ಲ. ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಈ ವಿಷಯದಲ್ಲಿ ಮಾತಾಡೋರು ಬಹಳ ಜನ ಇಲ್ಲೇ ಎಡವೋದು. ‘ನಿನಗಾಗಿ ಏನೂ ಕೇಳಬೇಡ, ಅದು ಸ್ವಾರ್ಥ’ ಅಂತ ಬೋಧಿಸಿಬಿಡ್ತಾರೆ. ಹೊಟ್ಟೆ ತುಂಬಿದವರಿಗೆ ಈ ಬೋಧನೆ ಸುಲಭ. ಮಗುವಿಗೆ ಜ್ವರ ನೂರಮೂರು ಇದ್ದಾಗ ತಾಯಿ ಏನು ಕೇಳಬೇಕು, ವಿಶ್ವಶಾಂತಿನಾ? ಯೇಸು ಕಲಿಸಿದ ಪ್ರಾರ್ಥನೆಯಲ್ಲೇ ಆ ದಿನದ ಊಟ ಕೇಳೋದಿದೆ. ಗೆತ್ಸೆಮನೆ ತೋಟದಲ್ಲಿ ಯೇಸುವೇ ತನಗಾಗಿ ಕೇಳಿಕೊಂಡ, ಸಾಧ್ಯವಿದ್ದರೆ ಈ ಕಷ್ಟದ ಪಾತ್ರೆ ನನ್ನಿಂದ ದೂರ ಹೋಗಲಿ ಅಂತ. ಆಮೇಲೆ ನನ್ನ ಇಷ್ಟ ಅಲ್ಲ, ನಿನ್ನ ಇಷ್ಟ ಅಂದ. ಮೊದಲನೇ ಭಾಗ ಬಿಟ್ಟು ಎರಡನೇದನ್ನ ಮಾತ್ರ ಹೇಳೋದು ಸುಳ್ಳು ಭಕ್ತಿ.

ಆದರೆ ಆ ಕಲಿಸಿದ ಪ್ರಾರ್ಥನೆಯಲ್ಲಿ ಒಂದು ಸಣ್ಣ ವ್ಯಾಕರಣ ಇದೆ, ಗಮನಿಸಿ. ‘ನಾನು’ ಅನ್ನೋದು ಎಲ್ಲೂ ಇಲ್ಲ. ತಂದೆ ನಮ್ಮವನು, ಅನ್ನ ನಮ್ಮದು, ತಪ್ಪು ನಮ್ಮದು. ನನ್ನ ಊಟ ಕೇಳೋವಾಗ ಪಕ್ಕದವನ ಊಟವೂ ಅದೇ ಉಸಿರಲ್ಲಿ ಬಂದುಬಿಡುತ್ತೆ. ನನ್ನ ತಟ್ಟೆಗೆ ಬಂದು ಅವನ ತಟ್ಟೆಗೆ ಬರಲಿಲ್ಲ ಅಂದ್ರೆ, ಆ ಪ್ರಾರ್ಥನೆಗೆ ಇನ್ನೂ ಪೂರ್ತಿ ಉತ್ತರ ಬಂದಿಲ್ಲ ಅಂತಾಯ್ತು. ಉಳಿದ ಅರ್ಧ ಉತ್ತರ ನನ್ನ ತಟ್ಟೆಯಲ್ಲೇ ಇದೆಯೇನೋ.

ಈಗ ಮಾರ್ಕನು ಬರೆದ ಸುವಾರ್ತೆಗೆ ಬರೋಣ. ಹತ್ತನೇ ಅಧ್ಯಾಯ. ಫೋನಲ್ಲಿ ಬೈಬಲ್ ಆಪ್ ಇದ್ದರೆ ಆಮೇಲೆ ತೆಗೆದು ನೋಡಿ. ಕಥೆ ನಾನು ನನ್ನ ಮಾತಲ್ಲೇ ಹೇಳ್ತೀನಿ.

ಯೇಸು ಯೆರೂಸಲೇಮಿನ ದಾರಿಯಲ್ಲಿದ್ದಾನೆ. ಅಲ್ಲಿ ತನ್ನನ್ನ ಹಿಡೀತಾರೆ, ಅವಮಾನ ಮಾಡ್ತಾರೆ, ಕೊಲ್ತಾರೆ, ಮೂರು ದಿನದ ಮೇಲೆ ಏಳ್ತೀನಿ ಅಂತ ಈಗಷ್ಟೇ ಶಿಷ್ಯರಿಗೆ ಹೇಳಿದ್ದಾನೆ. ಇಂಥ ಮಾತು ಕೇಳಿದ ಮೇಲೆ ಸಾಮಾನ್ಯ ಮನುಷ್ಯ ಆದ್ರೂ ಒಂದು ಗಳಿಗೆ ಸುಮ್ಮನಿರ್ತಾನೆ. ಜೆಬೆದಾಯನ ಮಕ್ಕಳಾದ ಯಾಕೋಬ, ಯೋಹಾನ ಇಬ್ಬರೂ ಹತ್ತಿರ ಬಂದು, ಗುರುವೇ, ನಾವು ಏನು ಕೇಳಿದ್ರೂ ನೀನು ಮಾಡಿಕೊಡಬೇಕು ಅಂತಾರೆ. ಏನು ಅಂತ ಹೇಳೋ ಮೊದಲೇ ಖಾಲಿ ಚೆಕ್‌ಗೆ ಸಹಿ ಕೇಳೋ ಹಾಗೆ! ಯೇಸು ಕೋಪ ಮಾಡಿಕೊಳ್ಳಲ್ಲ. ನಾನು ನಿಮಗೆ ಏನು ಮಾಡಿಕೊಡಬೇಕು ಅಂತ ಕೇಳ್ತಾನೆ. ಅವರು ಕೇಳೋದು ಸೀಟು. ನೀನು ಮಹಿಮೆಯಲ್ಲಿ ಕೂತಾಗ ಒಬ್ಬನಿಗೆ ಬಲಗಡೆ, ಇನ್ನೊಬ್ಬನಿಗೆ ಎಡಗಡೆ.

ಉಳಿದ ಹತ್ತು ಶಿಷ್ಯರಿಗೆ ಸಿಟ್ಟು ಬರುತ್ತೆ. ನಂಗೆ ಆ ಹತ್ತು ಜನರ ಮೇಲೂ ಅನುಮಾನ. ನಾವು ಕೇಳೋಕೆ ಮುಂಚೆ ಇವರು ಕೇಳಿಬಿಟ್ರಲ್ಲ ಅನ್ನೋ ಸಿಟ್ಟು ಇರಬೇಕು. ಆಗ ಯೇಸು ಎಲ್ಲರನ್ನೂ ಕೂರಿಸಿಕೊಂಡು ಹೇಳ್ತಾನೆ, ಲೋಕದ ಅಧಿಕಾರಿಗಳು ದರ್ಪ ಮಾಡ್ತಾರೆ, ನಿಮ್ಮಲ್ಲಿ ಹಾಗಿರಬಾರದು. ದೊಡ್ಡವನಾಗಬೇಕು ಅನ್ನೋನು ಸೇವಕ ಆಗಲಿ. ತಾನು ಬಂದದ್ದೇ ಸೇವೆ ಮಾಡಿಸಿಕೊಳ್ಳೋಕಲ್ಲ, ಮಾಡೋಕೆ, ಪ್ರಾಣ ಕೊಡೋಕೆ ಅಂತ.

ಇಷ್ಟಕ್ಕೇ ಎಲ್ಲರೂ ಪ್ರಸಂಗ ನಿಲ್ಲಿಸ್ತಾರೆ. ಆದರೆ ಮಾರ್ಕ ನಿಲ್ಲಿಸಲ್ಲ. ಮುಂದಿನ ಸಾಲಿನಲ್ಲೇ ಅವರು ಯೆರಿಕೋ ಊರಿಗೆ ಬರ್ತಾರೆ. ದಾರಿ ಬದಿಯಲ್ಲಿ ಬಾರ್ತಿಮಾಯ ಅನ್ನೋ ಕುರುಡ ಭಿಕ್ಷೆ ಬೇಡ್ತಾ ಕೂತಿದ್ದಾನೆ. ಕೂಗ್ತಾನೆ. ಜನ ‘ಸುಮ್ಮನಿರೋ’ ಅಂತ ಗದರಿಸ್ತಾರೆ. ಅವನು ಇನ್ನೂ ಜೋರಾಗಿ ಕೂಗ್ತಾನೆ. ಯೇಸು ಅವನನ್ನ ಕರೆಸಿ ಕೇಳೋ ಪ್ರಶ್ನೆ ಏನು ಗೊತ್ತಾ? ನಾನು ನಿನಗೆ ಏನು ಮಾಡಿಕೊಡಬೇಕು. ಅದೇ ಪ್ರಶ್ನೆ! ಒಂದೇ ಅಧ್ಯಾಯದಲ್ಲಿ, ಹೆಚ್ಚುಕಡಿಮೆ ಅದೇ ಪದಗಳಲ್ಲಿ, ಎರಡು ಸಲ.

ಇದನ್ನ ಮಾರ್ಕ ಬೇಕಂತಲೇ ಪಕ್ಕಪಕ್ಕ ಇಟ್ಟಿದ್ದಾನೆ ಅಂತ ನಾನು ನಂಬ್ತೀನಿ. ಬಾರ್ತಿಮಾಯ ಕೇಳಿದ್ದೂ ತನಗಾಗಿಯೇ, ಕಣ್ಣು ಬೇಕು ಅಂತ. ಅದರಲ್ಲಿ ಯಾವ ಸಮಾಜಸೇವೆಯೂ ಇಲ್ಲ. ಹಾಗಾದ್ರೆ ವ್ಯತ್ಯಾಸ ಎಲ್ಲಿ? ಯೇಸು ಅವನಿಗೆ ‘ಹೋಗು’ ಅಂತಾನೆ, ತಕ್ಷಣ ಕಣ್ಣು ಬರುತ್ತೆ. ಅವನು ಮನೆಗೆ ಹೋಗಬಹುದಿತ್ತು. ಹೋಗಲ್ಲ. ಯೇಸುವಿನ ಹಿಂದೆ ಅದೇ ದಾರಿಯಲ್ಲಿ ನಡೀತಾನೆ. ಯಾವ ದಾರಿ? ಯೆರೂಸಲೇಮಿನ ದಾರಿ, ಶಿಲುಬೆ ಇರೋ ದಾರಿ. ಶಿಷ್ಯರಾಗಿದ್ದವರು ಆ ದಾರಿಯ ಕೊನೆಯಲ್ಲಿ ಸೀಟು ಕೇಳಿದ್ರು. ಭಿಕ್ಷುಕ ಕಣ್ಣು ಕೇಳಿದ, ಬಂದ ಕಣ್ಣಿಂದ ಆ ದಾರಿ ನೋಡಿ ಹೆಜ್ಜೆ ಹಾಕಿದ. ಕೇಳಿದ್ದು ಸಿಕ್ಕಿದ್ದೇ ಅವನಿಗೆ ಶುರುವಾತು.

ವಾಯ್ಸ್ ನೋಟ್ ಕಳಿಸಿದ ಗೆಳೆಯರೇ, ನಿಮ್ಮ ಕೆಲಸ ನಿಮ್ಮ ಕಣ್ಣು. ಬಂತು. ಈಗ ಅದರಿಂದ ಏನು ಕಾಣ್ತಿದೆ?

ಇದೇ ಮಾರ್ಕನ ಮೊದಲನೇ ಅಧ್ಯಾಯದಲ್ಲಿ ಇನ್ನೊಂದು ಪುಟ್ಟ ಘಟನೆ. ಸೀಮೋನನ ಅತ್ತೆಗೆ ಜ್ವರ. ಯೇಸು ಕೈ ಹಿಡಿದು ಎಬ್ಬಿಸ್ತಾನೆ, ಜ್ವರ ಬಿಡುತ್ತೆ, ಅವಳು ಅವರಿಗೆಲ್ಲ ಉಪಚಾರ ಮಾಡ್ತಾಳೆ. ನಮ್ಮ ಯುವಜನರ ಬೈಬಲ್ ಅಧ್ಯಯನದಲ್ಲಿ ಇದನ್ನ ಓದಿದಾಗ ಒಬ್ಬ ಹುಡುಗಿ ಥಟ್ ಅಂತ ಕೇಳಿದ್ಲು: ‘ಅಂದ್ರೆ ಜ್ವರ ಬಿಟ್ಟ ತಕ್ಷಣ ಅಡುಗೆ ಮನೆಗೆ ಕಳಿಸಿದ್ರಾ?’ ಎಲ್ಲರೂ ನಕ್ವಿ. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು, ನಮ್ಮ ಮನೆಗಳಲ್ಲಿ ಆಗೋದು ಹಾಗೇ ಅಲ್ವಾ? ಗ್ರೀಕ್ ಮೂಲ ನೋಡಿದ್ರೆ ಸ್ವಲ್ಪ ಬೇರೆ ಬೆಳಕು ಬೀಳುತ್ತೆ. ಅಲ್ಲಿ ಬಳಸಿರೋ ಕ್ರಿಯಾಪದ ‘ಡಿಯಾಕೊನೇಯೋ’. ಇಂಗ್ಲಿಷಿನ ‘ಡೀಕನ್’, ನಮ್ಮ ಸಭಾಸೇವಕ, ಆ ಪದ ಬಂದದ್ದು ಇದೇ ಬೇರಿನಿಂದ. ಮಾರ್ಕ ಅದೇ ಕ್ರಿಯಾಪದವನ್ನ ಮರುಭೂಮಿಯಲ್ಲಿ ಯೇಸುವಿಗೆ ಉಪಚಾರ ಮಾಡಿದ ದೇವದೂತರಿಗೆ ಬಳಸ್ತಾನೆ. ಹತ್ತನೇ ಅಧ್ಯಾಯದಲ್ಲಿ ಯೇಸು ತನಗೇ ಬಳಸಿಕೊಳ್ಳೋದೂ ಅದೇ ಕ್ರಿಯಾಪದ. ದೇವದೂತರು, ಜ್ವರದಿಂದ ಎದ್ದ ಒಬ್ಬ ಅತ್ತೆ, ಯೇಸು. ಒಂದೇ ಪದ. ಶಿಷ್ಯರಿಗೆ ಹತ್ತನೇ ಅಧ್ಯಾಯದಲ್ಲೂ ಅರ್ಥ ಆಗದೇ ಇದ್ದದ್ದು ಆಕೆಗೆ ಮೊದಲನೇ ಅಧ್ಯಾಯದಲ್ಲೇ ಗೊತ್ತಾಗಿತ್ತು.

ಸರಿ, ಇದೆಲ್ಲ ಎರಡು ಸಾವಿರ ವರ್ಷದ ಹಿಂದಿನ ಮಾತು. ಹತ್ತಿರದ್ದು ಒಂದು ಹೇಳ್ತೀನಿ. ನಮ್ಮ ಬೆಂಗಳೂರು, ಕೋಲಾರದ ಕಡೆಯಿಂದ ಎಷ್ಟೋ ಜನ ದೊಡ್ಡ ಕಾಯಿಲೆ ಅಂದ್ರೆ ಕಾಟ್ಪಾಡಿಗೆ ರೈಲು ಹತ್ತಿ ವೆಲ್ಲೂರಿಗೆ ಹೋಗ್ತಾರೆ, ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ. ಅದನ್ನ ಶುರು ಮಾಡಿದ್ದು ಐಡಾ ಸ್ಕಡ್ಡರ್ ಅನ್ನೋ ಮಹಿಳೆ. ಹುಟ್ಟಿದ್ದು 1870ರಲ್ಲಿ, ರಾಣಿಪೇಟೆಯಲ್ಲಿ. ಅಮೆರಿಕದ ಮಿಷನರಿ ವೈದ್ಯರ ಮನೆತನ. ಇಡೀ ಕುಟುಂಬ ಮಿಷನರಿಗಳು. ಐಡಾಗೆ ಮಾತ್ರ ಅದು ಬೇಡವಾಗಿತ್ತು. ಅಮೆರಿಕದಲ್ಲಿ ಓದು, ಅಲ್ಲೇ ಬದುಕು ಅಂತ ಇದ್ದವಳು. ತಾಯಿಗೆ ಹುಷಾರಿಲ್ಲ ಅಂತ ತಿಂಡಿವನಕ್ಕೆ ಬಂದಿದ್ದಳು, ನೋಡಿಕೊಂಡು ವಾಪಸ್ ಹೋಗೋ ಲೆಕ್ಕ.

ಅಲ್ಲಿ ಒಂದು ರಾತ್ರಿ ಒಬ್ಬರಾದ ಮೇಲೆ ಒಬ್ಬರು ಮೂರು ಜನ ಗಂಡಸರು ಬಾಗಿಲು ಬಡೀತಾರೆ. ಮೂವರ ಹೆಂಡತಿಯರಿಗೂ ಕಷ್ಟದ ಹೆರಿಗೆ. ಐಡಾ ಹೇಳ್ತಾಳೆ, ನಾನು ಡಾಕ್ಟರ್ ಅಲ್ಲ, ನಮ್ಮ ಅಪ್ಪ ಡಾಕ್ಟರ್, ಅವರನ್ನ ಕರ್ಕೊಂಡು ಹೋಗಿ. ಅವರು ಒಪ್ಪಲ್ಲ. ಪರಗಂಡಸು ನಮ್ಮ ಮನೆ ಹೆಂಗಸನ್ನ ನೋಡೋ ಹಾಗಿಲ್ಲ. ಒಬ್ಬರು ಬ್ರಾಹ್ಮಣರು, ಒಬ್ಬರು ಮುಸ್ಲಿಮರು, ಇನ್ನೊಬ್ಬರು ಬೇರೆ ಮೇಲ್ಜಾತಿಯವರು. ಆ ಒಂದು ವಿಷಯದಲ್ಲಿ ಮೂವರದೂ ಒಂದೇ ಮಾತು. ಬೆಳಗಾಗೋದರೊಳಗೆ ಮೂರೂ ಹೆಂಗಸರು ತೀರಿಕೊಂಡಿದ್ದರು.

ಆ ರಾತ್ರಿ ಅವಳು ನಿದ್ದೆ ಮಾಡಲಿಲ್ಲ. ಪ್ರಾರ್ಥನೆ ಮಾಡಿದಳು ಅಂತ ಅವಳ ಜೀವನ ಬರೆದವರು ಹೇಳ್ತಾರೆ. ಬೆಳಿಗ್ಗೆ ಅಪ್ಪ ಅಮ್ಮನಿಗೆ ಹೇಳಿದ್ದು, ಅಮೆರಿಕಕ್ಕೆ ಹೋಗ್ತೀನಿ, ಡಾಕ್ಟರಾಗೋಕೆ, ವಾಪಸ್ ಬರೋಕೆ. 1899ರಲ್ಲಿ ಕಾರ್ನೆಲ್‌ನಲ್ಲಿ ವೈದ್ಯಕೀಯ ಪದವಿ, 1900ರಲ್ಲಿ ಭಾರತಕ್ಕೆ. 1902ರಲ್ಲಿ ವೆಲ್ಲೂರಿನಲ್ಲಿ ಹೆಂಗಸರ ಆಸ್ಪತ್ರೆ. 1918ರಲ್ಲಿ ಹೆಂಗಸರಿಗಾಗಿಯೇ ವೈದ್ಯಕೀಯ ಶಾಲೆ. ಯಾಕಂದ್ರೆ ತಾನೊಬ್ಬಳು ಎಷ್ಟು ಬಾಗಿಲಿಗೆ ಹೋಗೋಕಾಗುತ್ತೆ? ಆ ಸಂಸ್ಥೆಯ ಧ್ಯೇಯವಾಕ್ಯ ಯಾವುದರಿಂದ ಬಂದದ್ದು ಅಂತ ಊಹೆ ಮಾಡಿ. ಸೀಟು ಕೇಳಿದ ಶಿಷ್ಯರಿಗೆ ಯೇಸು ಕೊಟ್ಟ ಅದೇ ಉತ್ತರದಿಂದ.

ಈ ಕಥೆಯಲ್ಲಿ ನನ್ನನ್ನ ಹಿಡಿಯೋದು ಆಸ್ಪತ್ರೆ ದೊಡ್ಡದಾಯ್ತು ಅನ್ನೋದಲ್ಲ. ಆ ಮೂರು ಹೆಂಗಸರು ಉಳೀಲಿಲ್ಲ ಅನ್ನೋದು. ಆ ಮನೆಗಳಲ್ಲೂ ಆ ರಾತ್ರಿ ಪ್ರಾರ್ಥನೆ ನಡೆದಿರುತ್ತೆ, ಬೇರೆ ಬೇರೆ ಹೆಸರಲ್ಲಿ. ಅವರಿಗೆ ಬೇಕಾದ ಉತ್ತರ ಒಬ್ಬ ಮಹಿಳಾ ಡಾಕ್ಟರ್. ಆ ಡಾಕ್ಟರ್ ಆಗಬಹುದಾಗಿದ್ದವಳು ಅಲ್ಲೇ ಬಾಗಿಲಲ್ಲಿ ನಿಂತಿದ್ದಳು, ಆದರೆ ಇನ್ನೂ ಡಾಕ್ಟರ್ ಆಗಿರಲಿಲ್ಲ. ಕೆಲವು ಪ್ರಾರ್ಥನೆಗಳಿಗೆ ಉತ್ತರ ಬರೋಕೆ ಯಾರೋ ಒಬ್ಬರು ಹತ್ತು ವರ್ಷ ಓದಬೇಕಾಗುತ್ತೆ. ಇದನ್ನ ‘ಎಲ್ಲಾ ಒಳ್ಳೆಯದಕ್ಕೇ ಆಯ್ತು’ ಅಂತ ಸುತ್ತಿ ಕಟ್ಟೋಕೆ ನನಗೆ ಮನಸ್ಸಿಲ್ಲ.

ನಮಗೆಲ್ಲ ವೆಲ್ಲೂರು ಕಟ್ಟೋಕಾಗಲ್ಲ. ನಮ್ಮ ಅಳತೆಗೆ ಬರೋಣ. ನಮ್ಮ ಸಭೆಗೆ ಒಂದು ವಾಟ್ಸಾಪ್ ಗ್ರೂಪ್ ಇದೆ, ಪ್ರಾರ್ಥನಾ ವಿಜ್ಞಾಪನೆಗಳಿಗೆ. ನಿಮ್ಮಲ್ಲೂ ಇರುತ್ತೆ. ವೀಸಾ, ಮನೆ ಸಾಲ, ಮಗಳ ಮದುವೆ, ನೀಟ್ ಪರೀಕ್ಷೆ, ಕಂಪನಿಯಲ್ಲಿ ಲೇಆಫ್. ಒಂದು ಮೆಸೇಜ್ ಬಿದ್ದ ತಕ್ಷಣ ಕೈಮುಗಿದ ಎಮೋಜಿಗಳ ಸಾಲು. ಹೋದ ವರ್ಷ ಒಬ್ಬ ಆಂಟಿ ಬರೆದ್ರು, ಎರಡೂ ಕಿಡ್ನಿ ಹೋಗಿದೆ, ವಾರಕ್ಕೆ ಮೂರು ದಿನ ಡಯಾಲಿಸಿಸ್, ಪ್ರಾರ್ಥನೆ ಮಾಡಿ. ಎಮೋಜಿಗಳು ಬಂದವು. ಒಬ್ಬರು ವಾಕ್ಯ ಕಳಿಸಿದ್ರು. ಇನ್ನೊಬ್ಬರು ಅರಿಶಿನದ ಯಾವುದೋ ಕಷಾಯದ ಫಾರ್ವರ್ಡ್ ಹಾಕಿದ್ರು. ದಯವಿಟ್ಟು, ಕಿಡ್ನಿ ರೋಗಿಗಳಿಗೆ ಯಾವತ್ತೂ ಇದನ್ನ ಮಾಡಬೇಡಿ.

ಅರ್ಧ ಗಂಟೆ ಆದ ಮೇಲೆ ನಮ್ಮ ಸಭೆಯಲ್ಲಿ ಆಟೋ ಓಡಿಸೋ ಒಬ್ಬ ಅಣ್ಣ ಒಂದು ಸಾಲು ಹಾಕಿದ್ರು. ‘ಯಾವ ಆಸ್ಪತ್ರೆ ಆಂಟಿ? ಎಷ್ಟು ಗಂಟೆಗೆ ಹೋಗಬೇಕು?’

ಇಡೀ ಗ್ರೂಪಿನ ವಾತಾವರಣವೇ ಬದಲಾಗಿಬಿಡ್ತು ಆ ಒಂದು ಪ್ರಶ್ನೆಗೆ. ಬೆಳಿಗ್ಗೆ ಆರೂವರೆಗೆ ಅಲ್ಲಿರಬೇಕು ಅಂತ ಗೊತ್ತಾಯ್ತು. ಮಗನಿಗೆ ನೈಟ್ ಶಿಫ್ಟ್, ಆ ಹೊತ್ತಿಗೆ ಅವನು ಮನೆಗೆ ಬಂದಿರಲ್ಲ ಅಂತ ಗೊತ್ತಾಯ್ತು. ಹೋಗೋದು ಹೇಗೋ ಹೋಗ್ತಾರೆ, ನಾಲ್ಕು ಗಂಟೆ ಮಷಿನ್‌ನಲ್ಲಿ ಇದ್ದು ಎದ್ದಾಗ ಬಿಪಿ ಇಳಿದು ತಲೆ ಸುತ್ತುತ್ತೆ, ವಾಪಸ್ ಬರೋದೇ ಕಷ್ಟ ಅಂತ ಗೊತ್ತಾಯ್ತು. ಇದ್ಯಾವುದೂ ಪ್ರಾರ್ಥನಾ ವಿಜ್ಞಾಪನೆಯಲ್ಲಿ ಇರಲಿಲ್ಲ. ಯಾರೂ ಕೇಳಿರಲಿಲ್ಲ.

ಸ್ಪ್ರೆಡ್‌ಶೀಟ್ ಮಾಡೋ ಕೆಲಸ ನನ್ನ ಪಾಲಿಗೆ ಬಂತು, ಬಿ.ಕಾಂ. ಮಾಡಿದ್ದಕ್ಕೆ ಒಂದು ಉಪಯೋಗ. ಹನ್ನೊಂದು ಜನ ಹೆಸರು ಕೊಟ್ರು. ನನಗೆ ಶನಿವಾರ. ಕೆಲಸ ಅಂತ ದೊಡ್ಡದೇನಿಲ್ಲ. ಫೈಲ್ ಹಿಡ್ಕೊಳ್ಳೋದು, ಚಪ್ಪಲಿ ಎಲ್ಲಿಟ್ಟಿದ್ದೀವಿ ಅಂತ ನೆನಪಿಟ್ಟುಕೊಳ್ಳೋದು, ಎದ್ದಾಗ ತೋಳು ಹಿಡಿಯೋದು. ಒಂದು ಶನಿವಾರ ಆಂಟಿ ನನ್ನನ್ನ ಕೇಳಿದ್ರು, ‘ಏನಪ್ಪಾ, ನಿದ್ದೆ ಆಯ್ತಾ ನಿಂಗೆ?’ ಮಷಿನ್‌ಗೆ ಹೋಗಬೇಕಾದವರು ಅವರು!

ಎರಡು ತಿಂಗಳಾದ ಮೇಲೆ ಹನ್ನೊಂದರಲ್ಲಿ ಐದು ಹೆಸರು ಉಳೀತು. ಯಾರನ್ನೂ ದೂರೋಕೆ ಹೇಳ್ತಿಲ್ಲ, ಒಬ್ಬರಿಗೆ ಮಗು ಆಯ್ತು, ಒಬ್ಬರಿಗೆ ಪುಣೆಗೆ ವರ್ಗ ಆಯ್ತು, ಕೆಲವರು ಸುಮ್ಮನೆ ಸುಸ್ತಾದ್ರು. ಆದರೆ ಉಳಿದ ಐದು ಜನರ ಪ್ರಾರ್ಥನೆ ಬದಲಾಗಿದ್ದನ್ನ ನಾನು ಕಣ್ಣಾರೆ ಕಂಡೆ. ಮೊದಲು ‘ಕರ್ತನೇ, ಆಂಟಿಯನ್ನ ಸಂಪೂರ್ಣ ಗುಣಪಡಿಸು’ ಅಂತಿತ್ತು. ಈಗಲೂ ಅದಿದೆ. ಅದರ ಜೊತೆ ‘ಬುಧವಾರ ಬೆಳಿಗ್ಗೆಗೆ ಒಬ್ಬರನ್ನ ಕೊಡು’ ಅನ್ನೋದು ಸೇರಿಕೊಳ್ತು. ‘ನನಗೆ ಐದೂವರೆಗೆ ಏಳೋ ಶಕ್ತಿ ಕೊಡು’ ಅನ್ನೋದು ಸೇರಿಕೊಳ್ತು. ಇದೂ ಕೇಳೋದೇ, ತನಗಾಗಿಯೇ ಕೇಳೋದು. ಆದರೆ ಕೇಳ್ತಿರೋದು ಕೆಲಸಕ್ಕೆ ಬೇಕಾದ ಸಾಮಾನು. ಅರಸುಗಳ ಪುಸ್ತಕದಲ್ಲಿ ಸೊಲೊಮೋನ ಕೇಳಿದ ಹಾಗೆ. ದೇವರು ಏನು ಬೇಕು ಅಂದಾಗ ಅವನು ಆಯಸ್ಸು, ಐಶ್ವರ್ಯ ಬಿಟ್ಟು ಜನರಿಗೆ ನ್ಯಾಯ ಕೊಡೋಕೆ ಬೇಕಾದ ವಿವೇಕ ಕೇಳಿದ. ಕೊನೆಗಾಲದಲ್ಲಿ ಆ ವಿವೇಕ ಎಲ್ಲಿ ಹೋಯ್ತು ಅನ್ನೋದು ಬೇರೆ ಎಪಿಸೋಡ್.

ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯ ಇದನ್ನ ಬಹಳ ಒರಟಾಗಿ ಹೇಳುತ್ತೆ. ಬಟ್ಟೆ ಇಲ್ಲದ, ಊಟ ಇಲ್ಲದ ಒಬ್ಬರಿಗೆ ನೀವು ಬೆಚ್ಚಗಿರಿ, ಹೊಟ್ಟೆ ತುಂಬ ಉಣ್ಣಿ ಅಂತ ಹಾರೈಸಿ ಏನೂ ಕೊಡದೆ ಕಳಿಸಿದ್ರೆ ಏನು ಪ್ರಯೋಜನ ಅಂತ. ಅವನ ಕಾಲದಲ್ಲಿ ಎಮೋಜಿ ಇರಲಿಲ್ಲ, ಆದರೂ ಅವನಿಗೆ ನಮ್ಮ ಗ್ರೂಪ್ ಗೊತ್ತಿತ್ತು ಅನ್ನಿಸುತ್ತೆ.

ಈಗ ಸ್ವಲ್ಪ ಕಹಿ ಮಾತು. ಸ್ವಾರ್ಥದ ಪ್ರಾರ್ಥನೆ ತಾನಾಗಿ ಬೆಳೆದದ್ದು ಮಾತ್ರ ಅಲ್ಲ, ಅದನ್ನ ಬೆಳೆಸೋರೂ ಇದ್ದಾರೆ. ರಾತ್ರಿ ಯೂಟ್ಯೂಬ್ ತೆಗೆದ್ರೆ ಲೈವ್ ಪ್ರಾರ್ಥನೆ, ಕೆಳಗೆ ಕ್ಯೂಆರ್ ಕೋಡ್. ‘ಬೀಜ’ ಬಿತ್ತಿ, ನೂರರಷ್ಟು ಬರುತ್ತೆ. ಒಂದನೇ ಪೂರ್ವಕಾಲವೃತ್ತಾಂತದಲ್ಲಿ ಯಾಬೇಚ ಅಂತ ಒಬ್ಬ ಬರ್ತಾನೆ, ಉದ್ದ ವಂಶಾವಳಿಯ ಮಧ್ಯೆ ಎರಡೇ ಎರಡು ವಾಕ್ಯ. ನನ್ನನ್ನ ಆಶೀರ್ವದಿಸು, ನನ್ನ ಪ್ರಾಂತ ವಿಸ್ತಾರ ಮಾಡು ಅಂತ ಬೇಡಿದ, ದೇವರು ಕೊಟ್ಟ. 2000ದಲ್ಲಿ ಅಮೆರಿಕದ ಬ್ರೂಸ್ ವಿಲ್ಕಿನ್ಸನ್ ಈ ಎರಡು ವಾಕ್ಯದ ಮೇಲೆ ಒಂದು ಸಣ್ಣ ಪುಸ್ತಕ ಬರೆದ್ರು, ಲಕ್ಷಾಂತರ ಪ್ರತಿ ಹೋಯ್ತು. ಯಾಬೇಚನ ಮೇಲೆ ನನಗೇನೂ ಸಿಟ್ಟಿಲ್ಲ, ಪಾಪ. ಆದರೆ ಅವನ ಎರಡು ವಾಕ್ಯ ಪೋಸ್ಟರ್ ಆಗಿ ಗೋಡೆ ಮೇಲಿದೆ, ಯೆಶಾಯನ ಐವತ್ತೆಂಟನೇ ಅಧ್ಯಾಯ ಯಾರ ಮನೆಯ ಗೋಡೆ ಮೇಲೂ ನಾನು ನೋಡಿಲ್ಲ.

ಆ ಅಧ್ಯಾಯದಲ್ಲಿ ಜನ ದೇವರಿಗೆ ದೂರು ಹೇಳ್ತಾರೆ, ನಾವು ಉಪವಾಸ ಮಾಡಿದ್ದನ್ನ ನೀನು ಯಾಕೆ ನೋಡಲಿಲ್ಲ ಅಂತ. ದೇವರ ಉತ್ತರದ ಮೊದಲ ಭಾಗ ಏನು ಗೊತ್ತಾ? ಉಪವಾಸದ ದಿನವೂ ನಿಮ್ಮ ಆಳುಗಳಿಂದ ದಬ್ಬಾಳಿಕೆ ಮಾಡಿ ದುಡಿಸ್ತೀರಲ್ಲ. ನನಗೆ ಇಷ್ಟವಾದ ಉಪವಾಸ ಅಂದ್ರೆ ನೊಗ ಬಿಚ್ಚೋದು, ಹಸಿದವರ ಜೊತೆ ಅನ್ನ ಹಂಚಿಕೊಳ್ಳೋದು. ಅಂದ್ರೆ ದೇವರ ಸೇವೆ ಅನಾಥಾಶ್ರಮದಲ್ಲಿ ಶುರುವಾಗಲ್ಲ. ನಿಮ್ಮ ಮನೆ ಕೆಲಸಕ್ಕೆ ಬರೋ ಅಕ್ಕನ ಸಂಬಳದಲ್ಲಿ ಶುರುವಾಗುತ್ತೆ. ಅವರು ಎರಡು ದಿನ ರಜೆ ಹಾಕಿದ್ದಕ್ಕೆ ಹಣ ಹಿಡಿದು, ಶುಕ್ರವಾರ ಉಪವಾಸ ಪ್ರಾರ್ಥನೆಗೆ ಹೋಗೋ ಮನೆಗಳು ಇವೆ. ಅಲ್ಲಿ ಎಷ್ಟು ಗಂಟೆ ಕಣ್ಣೀರು ಹಾಕಿದ್ರೂ ಯೆಶಾಯನ ಪ್ರಕಾರ ಅದು ಲೆಕ್ಕಕ್ಕಿಲ್ಲ. ಕನ್ನಡದವರಿಗೆ ಇದು ಹೊಸ ಮಾತೇನಲ್ಲ. ಕಾಯಕ, ದಾಸೋಹ ಅನ್ನೋ ಪದಗಳು ನಮ್ಮ ಬಾಯಲ್ಲಿ ಎಂಟು ಶತಮಾನದಿಂದ ಇವೆ.

ಇನ್ನೊಂದು, ‘ಸೇವೆ’ ಅನ್ನೋ ಪದವನ್ನ ನಾವು ಸಭೆಯ ಒಳಗೆ ಚಿಕ್ಕದು ಮಾಡಿಬಿಟ್ಟಿದ್ದೀವಿ. ‘ಅವರು ಸೇವೆಯಲ್ಲಿದ್ದಾರೆ’ ಅಂದ್ರೆ ಗಿಟಾರ್ ನುಡಿಸ್ತಾರೆ, ಮೈಕ್ ಹಿಡೀತಾರೆ, ಮೀಡಿಯಾ ಟೀಮಲ್ಲಿ ಇದ್ದಾರೆ ಅಂತ. ಬೇಕು ಅದೂ, ಇಲ್ಲ ಅಂದ್ರೆ ಭಾನುವಾರ ಸೌಂಡೇ ಬರಲ್ಲ. ಆದರೆ ಅದೊಂದೇ ಸೇವೆ ಆದ್ರೆ, ಹಾಡೋಕೆ ಬರದವರೆಲ್ಲ ಪ್ರೇಕ್ಷಕರು ಅಂತಾಯ್ತು. ಸೇವೆಗೂ ಸೀಟಿನ ಆಸೆ ಅಂಟಿಕೊಳ್ಳುತ್ತೆ, ಎಚ್ಚರ. ನೂರು ಕಂಬಳಿ ಹಂಚಿ ಇನ್ನೂರು ರೀಲ್ ಹಾಕೋದನ್ನ ನೋಡಿದ್ದೀವಲ್ಲ. ‘ಇಷ್ಟು ಮಾಡ್ದೆ, ದೇವರು ನನಗೆ ಕೊಡಲೇಬೇಕು’ ಅಂತ ಒಳಗೊಳಗೇ ಲೆಕ್ಕ ಇಟ್ಟರೆ, ಅದೂ ಹರಕೆಯೇ, ಮುಂಗಡ ಪಾವತಿಯ ಹರಕೆ.

ಮತ್ತೆ, ಮಾಡೋಕಾಗದೇ ಇರೋರು? ನಮ್ಮ ಆಂಟಿಯಂಥವರು? ಅವರನ್ನ ಬರೀ ‘ಸೇವೆ ಪಡೆಯೋರು’ ಅಂತ ಪಟ್ಟಿ ಮಾಡಿದ್ರೆ ಅದು ತಪ್ಪು ಲೆಕ್ಕ. ಡಯಾಲಿಸಿಸ್ ಯೂನಿಟ್‌ನಲ್ಲಿ ಪಕ್ಕದ ಮಂಚಕ್ಕೆ ಹೊಸದಾಗಿ ಬಂದ ಒಬ್ಬ ಹುಡುಗಿ ಸೂಜಿ ನೋಡಿ ಅಳ್ತಿದ್ದಳಂತೆ. ಅವಳಿಗೆ ಸಮಾಧಾನ ಹೇಳೋಕೆ ನರ್ಸ್ ಕರೆದದ್ದು ಆಂಟಿಯನ್ನ. ಆಂಟಿ ಏನು ಹೇಳಿದ್ರು ಅಂತ ಕೇಳಿದೆ. ‘ಎಡಗೈ ಆದ್ರೆ ಬಲಗೈಯಲ್ಲಿ ಮೊಬೈಲ್ ನೋಡಬಹುದು ಮಗಳೇ ಅಂದೆ, ಅಷ್ಟೇ’ ಅಂದ್ರು. ನಮ್ಮ ಹನ್ನೊಂದು ಜನರಲ್ಲಿ ಯಾರಿಗೂ ಈ ಮಾತು ಹೇಳೋ ಅರ್ಹತೆ ಇರಲಿಲ್ಲ.

ಹಾಗಾದ್ರೆ ವಾಯ್ಸ್ ನೋಟಿನ ಗೆಳೆಯರಿಗೆ, ಮಾತು ಬರದೇ ಕೂತವರಿಗೆ, ಕೆಲಸಕ್ಕೆ ಬರೋ ಎರಡು ವಿಷಯ ಹೇಳ್ತೀನಿ. ಮಾತು ಬರಲಿಲ್ಲ ಅಂದ್ರೆ ಬಲವಂತವಾಗಿ ಹೊಸ ಬೇಡಿಕೆ ಹುಡುಕಬೇಡಿ. ಯೇಸು ಬಾರ್ತಿಮಾಯನಿಗೆ ಕೇಳಿದ ಪ್ರಶ್ನೆಯನ್ನ ತಿರುಗಿಸಿ ನೀವೇ ಕೇಳಿ, ‘ನಾನು ನಿನಗೆ ಏನು ಮಾಡಿಕೊಡಬೇಕು?’ ಉತ್ತರ ಆಕಾಶದಿಂದ ಬರುತ್ತೆ ಅಂತ ಕಾಯಬೇಡಿ, ಆಫೀಸಲ್ಲಿ ನಿಮ್ಮ ಪಕ್ಕದ ಕುರ್ಚಿ ನೋಡಿ. ಮೂರು ವರ್ಷ ಕೆಲಸ ಇಲ್ಲದೆ ಇದ್ದವರು ನೀವು. ಈಗ ಕೆಲಸ ಹುಡುಕ್ತಿರೋ ಒಬ್ಬರ ರೆಸ್ಯೂಮೆ ತಿದ್ದೋಕೆ, ರೆಫರಲ್ ಕೊಡೋಕೆ, ರಿಜೆಕ್ಟ್ ಆದ ದಿನ ಅವರ ಜೊತೆ ಕೂತು ಚಹಾ ಕುಡಿಯೋಕೆ ನಿಮಗಿಂತ ಚೆನ್ನಾಗಿ ಯಾರಿಗೆ ಬರುತ್ತೆ?

ಮತ್ತೆ ಎಲ್ಲರಿಗೂ ಒಂದು ಸಣ್ಣ ಕೆಲಸ. ಮುಂದಿನ ಸಲ ಗ್ರೂಪಲ್ಲಿ ಪ್ರಾರ್ಥನಾ ವಿಜ್ಞಾಪನೆ ಬಂದಾಗ ಕೈಮುಗಿದ ಎಮೋಜಿ ಹಾಕೋ ಮುಂಚೆ ಒಂದು ಪ್ರಶ್ನೆ ಹಾಕಿ. ಯಾವ ಆಸ್ಪತ್ರೆ? ಎಷ್ಟು ಗಂಟೆಗೆ? ಊಟ ಯಾರು ಕೊಡ್ತಿದ್ದಾರೆ? ಆಮೇಲೆ ಎಮೋಜಿ ಹಾಕಿ, ಬೇಡ ಅನ್ನಲ್ಲ.

ಅಂದ ಹಾಗೆ, ನಮ್ಮ ಬುಧವಾರ ಇನ್ನೂ ಖಾಲಿ ಇದೆ. ಬೆಂಗಳೂರಿನಲ್ಲಿರೋರು, ಬೆಳಿಗ್ಗೆ ಆರಕ್ಕೆ ಏಳೋ ಅಭ್ಯಾಸ ಇರೋರು, ಯಾವ ಧರ್ಮದವರಾದ್ರೂ ಸರಿ, ಮೆಸೇಜ್ ಮಾಡಿ. ಮುಂದಿನ ವಾರ ದಶಮಾಂಶದ ಬಗ್ಗೆ ಮಾತಾಡೋಣ, ಲೆಕ್ಕದ ಪುಸ್ತಕ ರೆಡಿ ಇಟ್ಕೊಳ್ಳಿ. ನಮಸ್ಕಾರ.